ಫಲಕದ ಅರ್ಥ ಕೇಳುತ್ತಾ ಹೋದವನು

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಅಕ್ಕ ಹೋಟೆಲಿನ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ ಫೋನು ಬಂತು. ಕೆಳಮನೆಯ ಅಜ್ಜಿ. ಫೋನಿನಲ್ಲೂ ಬಾವಿಯೊಳಗಿನವರನ್ನು ಕರೆಯುವ ಹಾಗೆ ಕೂಗುವುದು ಆ ಅಜ್ಜಿಯ ಅಭ್ಯಾಸ. ಪಕ್ಕದ ಮೇಜಿನ ಹೆಂಗಸೂ ತಲೆಯೆತ್ತಿ ನೋಡಿದಳು.

"ನಿನ್ನ ತಮ್ಮ ಇಲ್ಲ ಕಣಮ್ಮಾ! ಮಾತ್ರೆ ಕೊಡೋಣ ಅಂತ ಮೇಲೆ ಹೋದೆ. ಬಾಗಿಲು ಹಾರು ಹೊಡೆದಿದೆ. ಚಪ್ಪಲಿ ಇಲ್ಲೇ ಇದೆ, ಅನ್ನದ ತಟ್ಟೆ ಹಾಗೇ ಇದೆ, ಅವನೊಬ್ಬನೇ ಇಲ್ಲ!"

ಅಕ್ಕನ ಕೈಲಿದ್ದ ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೇ ನಿಂತುಬಿಟ್ಟಿತು. ಸುಟ್ಟ ವಾಸನೆ ಬಂದ ಮೇಲೆ ಪಕ್ಕದವಳೇ ಅದನ್ನು ಎತ್ತಿಟ್ಟಳು. ಯಜಮಾನಿ ಬೈಯುತ್ತಾ ಒಳಗೆ ಬರುವಷ್ಟರಲ್ಲಿ ಅಕ್ಕ ಹಿಂಬಾಗಿಲಿನಿಂದ ಬೀದಿಗೆ ಇಳಿದಾಗಿತ್ತು.

ಅವಳನ್ನು ಆ ಬೀದಿಯಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ತಮ್ಮ ದಿನವಿಡೀ ಕಿಟಕಿಯಲ್ಲಿ ನಿಂತು 'ಅಕ್ಕಾ, ಅಕ್ಕಾ' ಎಂದು ಕೂಗುವುದನ್ನು ಕೇಳಿ ಕೇಳಿ, ಅವಳಿಗಿಂತ ಹಿರಿಯರ ಬಾಯಲ್ಲೂ ಅದೇ ನಿಂತುಹೋಗಿತ್ತು. ತಮ್ಮನೇನೂ ಚಿಕ್ಕವನಲ್ಲ, ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಒಂದು ಕಾಲಕ್ಕೆ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಿದ್ದ. ಮದುವೆಯ ಕರೆಯೋಲೆಯಾಗಲಿ, ಪಾಠಪುಸ್ತಕವಾಗಲಿ, ಒಂದು ಒತ್ತಕ್ಷರ ಅತ್ತಿತ್ತಾದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅಲ್ಲಿಯವರು ಅವನಿಗೆ 'ತಿದ್ದಪ್ಪ' ಎಂದು ಹೆಸರಿಟ್ಟಿದ್ದರು. ಯಾವುದಾದರೂ ಮಾತು ಎಲ್ಲಿಂದ ಬಂತು, ಮೊದಲು ಹೇಗಿತ್ತು ಎಂದು ಶುರುಮಾಡಿದನೆಂದರೆ ಕೇಳುವವರು ಚಹಾ ಆರಿಸಿಕೊಂಡು ಕೂರಬೇಕು. ಅಕ್ಕನಂತೂ, "ನಿನ್ನ ಬಾಯಿಗೆ ಬೀಗ ಹಾಕೋ ಮಾತು ಯಾವುದಾದ್ರೂ ಇದ್ದರೆ ಅದರ ಅರ್ಥ ಹೇಳು ಮಾರಾಯ" ಎನ್ನುತ್ತಿದ್ದಳು.

ಒಂದೂವರೆ ವರ್ಷದ ಹಿಂದೆ ಗಾಳಿ ಎದ್ದಿದ್ದ ಒಂದು ಸಂಜೆ ಅವನು ಮನೆಗೆ ಬರುತ್ತಿದ್ದ. ಹಲ್ಲಿನ ಆಸ್ಪತ್ರೆಯೊಂದರ ಹೊಸ ಬೋರ್ಡು ಕಣ್ಣಿಗೆ ಬಿತ್ತು. ಬರೆದವನು ಹಕಾರವನ್ನು ನುಂಗಿಬಿಟ್ಟಿದ್ದ: 'ಅಲ್ಲಿನ ಆಸ್ಪತ್ರೆ' ಎಂದಿತ್ತು. ತಮ್ಮ ಅದರ ಕೆಳಗೇ ನಿಂತು, "ಇಲ್ಲೇ ಇಟ್ಕೊಂಡು ಅಲ್ಲಿನ ಆಸ್ಪತ್ರೆ ಅಂತಾರಲ್ಲಪ್ಪಾ!" ಎಂದು ದಾರಿಹೋಕರನ್ನೆಲ್ಲ ಕರೆದು ತೋರಿಸಿ ನಗುತ್ತಿದ್ದನಂತೆ. ಆ ಬೋರ್ಡು ಗೋಡೆಯ ಗಾರೆಯ ಸಮೇತ ಕಿತ್ತುಕೊಂಡು ಅವನ ಹಣೆಯ ಮೇಲೆ ಬಿತ್ತು.

ಜೀವ ಉಳಿಯಿತು. ಚೂರಾದ ಹಣೆಮೂಳೆಯ ಜಾಗದಲ್ಲಿ ಲೋಹದ ತೆಳು ತಗಡೊಂದನ್ನು ಕೂರಿಸಿದರು. ಡಾಕ್ಟರು ಬಾಯಲ್ಲಿ ಹೇಳಿದ್ದು ಪ್ಲೇಟು, ಆಸ್ಪತ್ರೆಯ ಚೀಟಿಯಲ್ಲಿ ಇದ್ದದ್ದು 'ಲೋಹಫಲಕ'. ಪ್ರಜ್ಞೆ ಬಂದ ಮೇಲೆ ತಮ್ಮ ಮೊದಲು ಓದಿದ್ದೇ ಆ ಚೀಟಿಯನ್ನು. ಮಾತುಗಳೆಲ್ಲ ಜಾಲರಿಯಲ್ಲಿ ಸೋರಿಹೋದಂತೆ ಹೋಗಿದ್ದವು. ಚಮಚ, ಕಿಟಕಿ, ನಾಳೆ, ಎಲ್ಲವನ್ನೂ ಹೊಸದಾಗಿ ಹೇಳಿಕೊಡಬೇಕಾಯಿತು. ಈ ಒಂದು ಮಾತು ಮಾತ್ರ ತಲೆಯಲ್ಲಿ ಸಿಕ್ಕಿಹಾಕಿಕೊಂಡಿತು. ಆವತ್ತಿನಿಂದ ಅವನದು ಒಂದೇ ಪ್ರಶ್ನೆ.

"ಅಕ್ಕಾ, ಫಲಕ ಅಂದ್ರೇನು?"

ಹಲ್ಲುಜ್ಜುವಾಗ, ಉಣ್ಣುವಾಗ, ಅವಳು ಕೆಲಸಕ್ಕೆ ಹೊರಟು ಬಾಗಿಲಲ್ಲಿ ನಿಂತಾಗ. "ರಸ್ತೇಲಿ ಇರುತ್ತಲ್ಲ, ದಾರಿ ತೋರಿಸುತ್ತೆ, ಅಂಗಡಿ ಹೆಸರು ಹೇಳುತ್ತೆ, ಅದು" ಎಂದರೆ ಹಣೆ ಮುಟ್ಟಿಕೊಂಡು, "ನನ್ನ ಹಣೇಲೂ ಇಟ್ಟಿದ್ದಾರಂತಲ್ಲ. ಏನು ಬರ್ದಿದ್ದಾರೆ?" ಎನ್ನುತ್ತಿದ್ದ. "ಎಲ್ಲರ ಹಣೇಲೂ ಏನೋ ಬರ್ದಿರುತ್ತೆ ಕಣೋ, ಓದೋಕೆ ಯಾರಿಗೂ ಬರಲ್ಲ" ಎಂದು ಮೊದಲ ಸಲ ಹೇಳಿದಾಗ ಅವಳಿಗೇ ನಗು ಬಂದಿತ್ತು. ಆ ನಗು ಎಂದೋ ಮುಗಿದಿತ್ತು. ಪ್ರಶ್ನೆಯ ಜೊತೆಗೆ ಫಿಟ್ಸೂ ಅಂಟಿಕೊಂಡಿತ್ತು. ಮಾತ್ರೆ ಒಂದು ಹೊತ್ತು ತಪ್ಪಿದರೂ ಸಾಕು, ಅವನು ಕಡಿದ ಮರದ ಹಾಗೆ ಬಿದ್ದುಬಿಡುತ್ತಿದ್ದ.

ಓಡುತ್ತಾ ಓಡುತ್ತಾ ಅವಳಿಗೆ ಬೆಳಗಿನ ಮಾತು ನೆನಪಾಯಿತು. ಎಂದಿನಂತೆ ಅವನು ಕೇಳಿದ್ದ. ಅವಳು ಜಡೆ ಹಾಕಿಕೊಳ್ಳುತ್ತಾ, "ಫಲಕ ಅಂದ್ರೆ ಹಲಗೆ ಕಣೋ" ಎಂದಿದ್ದಳು. "ಹಲಗೆ ಅಂದ್ರೆ?" "ಅಯ್ಯೋ, ಅದನ್ನ ಬಡಗೀನ ಕೇಳಬೇಕು." ಅಷ್ಟೇ. ಆ ಮಾತು ಅವನೊಳಗೆ ಹೋಗಿ ಕೂತಿತೆಂದು ಅವಳಿಗೇನು ಗೊತ್ತು?

ಮನೆಗೆ ಹೋಗಿ ಮಾತ್ರೆಯ ಪಟ್ಟಿ ಎತ್ತಿಕೊಂಡು ಅವಳು ನೇರ ಬಡಗಿಯ ಹತ್ತಿರ ಹೋದಳು. ಅವನದು ಬೀದಿಯ ಕೊನೆಯಲ್ಲಿ ತಗಡಿನ ಮಾಡಿನ ಕೆಳಗೆ ಇದ್ದ ಕೊಟ್ಟಿಗೆಯಂಥ ಜಾಗ. ಮೊಣಕಾಲಿನ ತನಕ ಮರದ ಹೊಟ್ಟು. ಬಡಗಿ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ಲನ್ನು ತೆಗೆದು, ಅವಳ ಮುಖ ನೋಡಿ ಯಂತ್ರ ನಿಲ್ಲಿಸಿದ.

"ಬಂದಿದ್ರಮ್ಮ. ಬರಿಗಾಲಲ್ಲಿ ಬಂದಿದ್ರು. ಹಲಗೆ ಅಂದ್ರೇನು ಅಂತ ಕೇಳಿದ್ರು. ನಾನು ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡೆ. ಇಗೋ ಇದು ಅಂತ ಒಂದನ್ನ ಕೈಗೆ ಕೊಟ್ಟೆ."

"ಆಮೇಲೆ?"

"ಇದು ಹೇಗೆ ಆಗುತ್ತೆ ಅಂದ್ರು. ದಿಮ್ಮಿ ಸೀಳಿದ್ರೆ ಆಗುತ್ತೆ ಸ್ವಾಮಿ ಅಂದೆ. ಸೀಳೋದು, ಸೀಳೋದು ಅಂತ ಹತ್ತು ಸಲ ಹೇಳ್ಕೊಂಡ್ರು. ಆ ಹಲಗೇನ ಕೆನ್ನೆಗೆ ಒತ್ಕೊಂಡು ಕೂತಿದ್ರು ಅಮ್ಮ, ನೋಡೋಕಾಗಲಿಲ್ಲ. ಇದರ ಮೇಲೆ ಏನೂ ಬರೆದಿಲ್ಲವಲ್ಲ ಅಂದ್ರು. ಬರೆಯೋರು ನಾವಲ್ಲ, ಬೋರ್ಡಿನ ಅಂಗಡಿಯವರು ಅಂದೆ. ಎದ್ದು ಹೊರಟ್ರು."

"ಯಾವ ಬೋರ್ಡಿನ ಅಂಗಡಿ?" ಎಂದು ಕೇಳಿದಳಾದರೂ ಅವಳಿಗೆ ಉತ್ತರ ಗೊತ್ತಿತ್ತು. ಆ ಸುತ್ತಿನಲ್ಲಿ ಇದ್ದದ್ದು ಒಂದೇ.

"ಇಲ್ಲಿ ಇರೋದು ಒಂದೇ ಅಲ್ಲವಾ" ಎಂದು ಬಡಗಿ ಅಂದವನು, ನಾಲಿಗೆ ಕಚ್ಚಿಕೊಂಡ. ಅವನಿಗೂ ಆಗಲೇ ಹೊಳೆದದ್ದು. ತಮ್ಮನ ತಲೆಯ ಮೇಲೆ ಬಿದ್ದ ಬೋರ್ಡು ಆ ಅಂಗಡಿಯದೇ. ಬರೆದವನೂ ಆ ಅಂಗಡಿಯವನೇ, ಗೋಡೆಗೆ ಹೊಡೆದವನೂ ಅವನೇ.

ಪೊಲೀಸು ಠಾಣೆಯಲ್ಲಿ ಒಂದು ಸಲ ಅವಳು ಅವನ ಮುಖ ನೋಡಿದ್ದಳು. ಗಾಳಿಯದೇ ತಪ್ಪು ಎಂದು ಎಲ್ಲರೂ ಒಪ್ಪಿಕೊಂಡು, ಕಾಗದ ಮಡಿಚಿಟ್ಟಿದ್ದರು. ಆಮೇಲೆ ಅವಳು ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದಳು. ತರಕಾರಿಗೂ ಸುತ್ತುದಾರಿ ಹಿಡಿಯುತ್ತಿದ್ದಳು. ಈಗ ಅದೇ ಬೀದಿಯಲ್ಲಿ, ಸೆರಗು ಜಾರಿದ್ದರ ಪರಿವೆಯೂ ಇಲ್ಲದೆ ಓಡಿದಳು.

ಅಂಗಡಿಯ ಷಟರು ಅರ್ಧ ಇಳಿದಿತ್ತು. ಅವಳು ಬಗ್ಗಿ ಒಳಗೆ ನುಗ್ಗಿದಳು. ಗೋಡೆಗೆ ಒರಗಿಸಿದ ಬೋರ್ಡುಗಳು, ಬಣ್ಣದ ಡಬ್ಬಿಗಳು, ಕತ್ತರಿಸಿದ ಅಂಟುಹಾಳೆಯ ಅಕ್ಷರಗಳು ನೆಲದ ತುಂಬ. ಮೂಲೆಯಲ್ಲಿ ಬೋರ್ಡಿನವನು ಸ್ಟೂಲಿನ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದ.

"ಎಲ್ಲಿ ನನ್ನ ತಮ್ಮ?"

"ಅಕ್ಕ, ನಾನು..."

"ಅಕ್ಕ ಗಿಕ್ಕ ಅನ್ನಬೇಡ. ಎಲ್ಲಿ ಅಂತ ಹೇಳು."

"ಬಂದಿದ್ರು. ನನಗೆ ಜೀವ ಬಾಯಿಗೆ ಬಂತು. ಜಗಳಕ್ಕೆ ಬಂದ್ರು ಅಂದ್ಕೊಂಡೆ. ಆದರೆ ಅವರಿಗೆ ನಾನು ಯಾರು ಅಂತಲೇ ಗೊತ್ತಾಗಲಿಲ್ಲ. ನಗ್ತಾ ನಿಂತ್ಕೊಂಡು, ಫಲಕ ಅಂದ್ರೇನು ಅಂದ್ರು. ಆ ಹಣೆ ನೋಡ್ತಾ ನಾನು ಏನು ಹೇಳಲಿ? ಹೋದ್ರೆ ಸಾಕಾಗಿತ್ತು. ಇಲ್ಲಿರೋವೆಲ್ಲಾ ಚಿಕ್ಕವು, ನಿಜವಾದ ಫಲಕ ಹೆದ್ದಾರೀಲಿ ಇದೆ, ಅಲ್ಲಿ ಹೋಗಿ ನೋಡಿ ಅಂದುಬಿಟ್ಟೆ."

ಹೆದ್ದಾರಿ. ದಾರಿ ದಾಟುವಾಗ ಎಡಬಲ ನೋಡಬೇಕೆಂಬುದನ್ನೂ ತಮ್ಮನಿಗೆ ಕೈಹಿಡಿದು ಹೇಳಿಕೊಡಬೇಕಿತ್ತು.

ಕೈಗೆ ಸಿಕ್ಕಿದ ಬಣ್ಣದ ಡಬ್ಬಿಯನ್ನು ಅವಳು ಎತ್ತಿ ಎಸೆದಳು. ಅದು ಅವನಿಗೆ ತಗಲಲಿಲ್ಲ, ಗೋಡೆಗೆ ಬಡಿದು ಒಡೆದು ಕೆಂಪು ಬಣ್ಣ ಕೆಳಗೆ ಇಳಿಯಿತು. "ಒಂದು ಸಲ ಕೊಂದಿದ್ದು ಸಾಲಲಿಲ್ಲವಾ ನಿನಗೆ?" ಎಂದಳು. ದನಿ ಕೂಡ ಅವಳದಾಗಿರಲಿಲ್ಲ.

ಬೋರ್ಡಿನವನು ಮೊಳೆಯಲ್ಲಿ ತೂಗಿದ್ದ ಕೀಲಿ ತೆಗೆದುಕೊಂಡ. "ವ್ಯಾನು ಇದೆ. ಹತ್ತಿ. ಆಮೇಲೆ ಏನು ಬೇಕಾದ್ರೂ ಮಾಡಿ."

ಅವನ ಪಕ್ಕದಲ್ಲಿ ಕೂರುವುದೆಂದರೆ ಅವಳಿಗೆ ಮೈಯೆಲ್ಲ ಉರಿ. ಕೂತಳು. ಹಿಂದೆ ಹಗ್ಗದ ಸುರುಳಿ, ಏಣಿ, ಕಬ್ಬಿಣದ ಚೌಕಟ್ಟುಗಳು ಪ್ರತಿ ಗುಂಡಿಗೂ ಎಗರಿ ಬೀಳುತ್ತಿದ್ದವು. ದಾರಿಯುದ್ದಕ್ಕೂ ಅವಳು ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದಳು. ಅಂಗಡಿಯ ಮೆಟ್ಟಿಲು, ಬಸ್ಸಿನ ಕ್ಯೂ, ಚರಂಡಿಯ ಅಂಚು ನೋಡುತ್ತಾ, ತಮ್ಮ ತೊಟ್ಟಿದ್ದಂಥ ನೀಲಿ ಅಂಗಿಯ ಬೆನ್ನು ಕಂಡಾಗಲೆಲ್ಲ 'ನಿಲ್ಲಿಸು' ಎಂದು ಕಿರುಚುತ್ತಿದ್ದಳು. ಯಾವುದೂ ಅವನಾಗಿರಲಿಲ್ಲ. ಪ್ರತಿ ಸಲವೂ ಹೊಸ ಮುಖವೊಂದು ತಿರುಗಿ ಇವಳನ್ನು ಹುಚ್ಚಿಯನ್ನು ನೋಡುವಂತೆ ನೋಡುತ್ತಿತ್ತು.

ಹೆದ್ದಾರಿಯಲ್ಲಿ ಲಾರಿಗಳು ಒಂದರ ಬಾಲ ಒಂದು ಹಿಡಿದುಕೊಂಡು ಹೋಗುತ್ತಿದ್ದವು. ರಸ್ತೆಗೆ ಅಡ್ಡಲಾಗಿ ನಿಂತ ಹಸಿರು ಫಲಕದ ಕಂಬದ ಬುಡದಲ್ಲಿ ಯಾರೂ ಇರಲಿಲ್ಲ. ವೇಗದ ಮಿತಿ ಹೇಳುವ ದುಂಡು ಫಲಕದ ಹತ್ತಿರವೂ ಇಲ್ಲ. ರಸ್ತೆಯ ಅಂಚಿನಲ್ಲಿ ಯಾವುದೋ ನಾಯಿಯ ಹೆಣ ಕಂಡು ಅವಳು ಮುಖ ಆಚೆ ತಿರುಗಿಸಿದಳು. ದೇವರೇ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಹಾಗೆ ಹೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಮಾತ್ರೆಯ ಪಟ್ಟಿಯನ್ನು ಮಾತ್ರ ಮುಷ್ಟಿಯಲ್ಲಿ ಹಿಂಡುತ್ತಿದ್ದಳು.

ಪಂಕ್ಚರ್ ಅಂಗಡಿಯೊಂದರ ಮುಂದೆ ನಾಲ್ಕಾರು ಜನ ಕತ್ತೆತ್ತಿ ನಿಂತಿದ್ದರು. ಅವರು ನೋಡುತ್ತಿದ್ದ ಕಡೆ ಅವಳೂ ನೋಡಿದಳು.

ಹೊಲದ ಅಂಚಿನಲ್ಲಿ ದೊಡ್ಡದೊಂದು ಜಾಹೀರಾತು ಫಲಕ. ಅದರಲ್ಲಿ ಜಾಹೀರಾತು ಏನೂ ಇರಲಿಲ್ಲ, ಬರೀ ತಗಡು, ತುಕ್ಕಿನ ಕಲೆ. ತಗಡಿನ ಕೆಳಗಂಚಿಗೆ ಕೆಲಸದವರು ಓಡಾಡಲು ಹಾಕಿದ್ದ ಕಿರಿದಾದ ಕಬ್ಬಿಣದ ಜಾಲರಿಯ ಮೇಲೆ ತಮ್ಮ ನಿಂತಿದ್ದ. ಎರಡೂ ಅಂಗೈಗಳನ್ನು ತಗಡಿಗೆ ಒತ್ತಿ, ಕುರುಡನು ಮುಖ ಮುಟ್ಟಿ ನೋಡುವಂತೆ ಸವರುತ್ತಾ ಒಂದೊಂದೇ ಹೆಜ್ಜೆ ಸರಿಯುತ್ತಿದ್ದ. ಹಿಡಿದುಕೊಳ್ಳಲು ಕಟಕಟೆ ಕೂಡ ಇರಲಿಲ್ಲ.

"ಅಗ್ನಿಶಾಮಕದವರಿಗೆ ಫೋನ್ ಮಾಡಿದೀನಿ" ಎಂದ ಪಂಕ್ಚರಿನವನು. "ಬರ್ತಾರೆ ಅಂತಾರೆ, ಬಂದಿಲ್ಲ."

"ನಾನು ಹತ್ತುತೀನಿ" ಎಂದ ಬೋರ್ಡಿನವನು.

"ಬೇಡ. ಗುರುತಿಲ್ಲದವರು ಹತ್ತಿರ ಬಂದ್ರೆ ಹೆದರಿ ಹಿಂದೆ ಸರೀತಾನೆ. ನಾನೇ ಹೋಗ್ತೀನಿ."

"ನಿಮಗೆ ಅಭ್ಯಾಸ ಇಲ್ಲ."

"ನಿನಗೆ ಇತ್ತಲ್ಲ ಅಭ್ಯಾಸ. ಏನಾಯ್ತು?"

ಅವನು ಎತ್ತರಕ್ಕೆ ಹತ್ತುವಾಗ ಕಟ್ಟುವ ಬೆಲ್ಟನ್ನು ವ್ಯಾನಿನಿಂದ ತಂದು ಅವಳ ಸೊಂಟಕ್ಕೆ ಬಿಗಿದ. ಕೊಂಡಿಯನ್ನು ಎಲ್ಲಿ ಸಿಕ್ಕಿಸಬೇಕು, ಒಂದನ್ನು ಬಿಚ್ಚುವ ಮೊದಲು ಇನ್ನೊಂದನ್ನು ಹೇಗೆ ಹಾಕಬೇಕು ಎಂದು ತೋರಿಸಿದ. ಇನ್ನೊಂದು ಬೆಲ್ಟನ್ನು ಅವಳ ಹೆಗಲಿಗೆ ಹಾಕಿದ. ಅವಳು ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ಕಂಬಕ್ಕೆ ಬೆಸೆದಿದ್ದ ಏಣಿಗೆ ಕೈಹಾಕಿದಳು. ಬಿಸಿಲಿಗೆ ಕಾದ ಕಬ್ಬಿಣ ಇಸ್ತ್ರಿ ಪೆಟ್ಟಿಗೆಗಿಂತ ಏನೂ ಕಡಿಮೆಯಿರಲಿಲ್ಲ. ಅವಳ ಹಿಂದೆಯೇ, ಎರಡು ಮೆಟ್ಟಿಲು ಕೆಳಗೆ, ಹಗ್ಗದ ಸುರುಳಿ ಹೊತ್ತು ಬೋರ್ಡಿನವನೂ ಹತ್ತತೊಡಗಿದ. ಬೇಡವೆನ್ನಲು ಅವಳಲ್ಲಿ ಉಸಿರಿರಲಿಲ್ಲ.

ಮೇಲೆ ಗಾಳಿ ತಗಡಿಗೆ ಬಡಿದು ಗುಡುಗಿನಂತೆ ಸದ್ದಾಗುತ್ತಿತ್ತು. ಅವಳು ಜಾಲರಿಯ ಮೇಲೆ ಮಂಡಿಯೂರಿ, ಕೆಳಗೆ ನೋಡದೆ, ಮೆಲ್ಲಗೆ ಕರೆದಳು.

"ಏನೋ ಮಾಡ್ತಿದೀಯ ಇಲ್ಲಿ?"

ತಮ್ಮ ತಿರುಗಿದ. ಕಣ್ಣುಗಳು ಹೊಳೆಯುತ್ತಿದ್ದವು. ಈ ಒಂದೂವರೆ ವರ್ಷ ಆ ಮುಖಕ್ಕೆ ಕವಿದಿದ್ದ ಮಬ್ಬು ಇರಲಿಲ್ಲ. ಅಚ್ಚುಕೂಟದಿಂದ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡುತ್ತಿದ್ದ ಹಳೆಯ ತಮ್ಮನೇ ಅಲ್ಲಿ ನಿಂತಿದ್ದ.

"ಅಕ್ಕಾ, ಸಿಕ್ತು! ಎಲ್ಲಾ ನೆನಪಾಯ್ತು!"

"ಹೌದಾ. ಕೂತ್ಕೋ ಮೊದಲು. ಕೂತ್ಕೊಂಡು ಹೇಳು."

"ಫಲಕ ಸಂಸ್ಕೃತದ್ದು. ಸೀಳು ಅನ್ನೋ ಅರ್ಥದ ಬೇರಿಂದ ಬಂತು ಅಂತಾರೆ. ಬಡಗಿ ಸರಿಯಾಗೇ ಹೇಳಿದ. ನಮ್ಮ ಹಳಬರ ನಾಲಿಗೆ ಮೇಲೆ ಅದು ಪಲಗೆ ಆಯ್ತು. ಆಮೇಲೆ ಪಕಾರ ಹೋಗಿ ಹಕಾರ ಬಂತಲ್ಲ, ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಹಾಗೇ ಪಲಗೆ ಹಲಗೆ ಆಯ್ತು. ಎರಡೂ ಒಂದೇ ಅಕ್ಕಾ! ಒಂದು ಬಾಯಿಂದ ಬಾಯಿಗೆ ಸವೀತಾ ಮನೆಯೊಳಗೆ ಬಂತು. ಇನ್ನೊಂದನ್ನ ಓದಿದೋರು ಪುಸ್ತಕದಿಂದ ಹಾಗೇ ಎತ್ಕೊಂಡು ಬಂದು ಬೀದೀಲಿ ನಿಲ್ಲಿಸಿದ್ರು."

ಎಷ್ಟು ದಿನವಾಗಿತ್ತು ಅವನ ಬಾಯಿಂದ ಇಷ್ಟು ಮಾತು ಕೇಳಿ! ಒಂದು ಗಳಿಗೆ ಅವಳಿಗೆ ತಾನು ಎಲ್ಲಿದ್ದೇನೆಂಬುದೇ ಮರೆಯಿತು. ಆಮೇಲೆ ಅವನ ಎಡಗೈ ಕಣ್ಣಿಗೆ ಬಿತ್ತು. ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಿತ್ತು, ನಿಲ್ಲದೆ, ದಾರ ಹೊಸೆಯುವಂತೆ.

"ಬಾಯಲ್ಲಿ ಕಬ್ಬಿಣದ ರುಚಿ ಅಕ್ಕಾ" ಎಂದ ಅವನು ನಗುತ್ತಲೇ.

ಅವಳಿಗೆ ತಿಳಿದುಹೋಯಿತು. ಪ್ರತಿ ಸಲವೂ ಹೀಗೆಯೇ. ಮೊದಲು ಬೆರಳು, ಆಮೇಲೆ ರುಚಿ, ಆಮೇಲೆ ಕಣ್ಣು ಮೇಲಾಗುವುದು. ಒಮ್ಮೊಮ್ಮೆ ಅದಕ್ಕೆ ಮುಂಚೆ ಹೀಗೆ ಒಂದು ಬೆಳಕು ಬರುತ್ತದೆ, ಮೋಸಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು. ಈ ಸಲದಷ್ಟು ಬೆಳಕು ಎಂದೂ ಬಂದಿರಲಿಲ್ಲ.

"ಆಯ್ತು ಕಣಪ್ಪ, ಗೊತ್ತಾಯ್ತು, ಇನ್ನು ಸಾಕು. ಈ ಕಡೆ ಬಾ. ಈ ಬೆಲ್ಟು ಹಾಕ್ಕೋ."

"ಇರು, ಮುಖ್ಯವಾದ್ದು ಹೇಳಿಲ್ಲ. ಗುರಾಣಿಗೂ ಪಲಗೆ ಅಂತಿದ್ರು! ಯುದ್ಧದಲ್ಲಿ ಏಟು ಬೀಳದ ಹಾಗೆ ಅಡ್ಡ ಹಿಡೀತಾರಲ್ಲ, ಅದು. ಹಣೆ ಮೂಳೆಗೂ ಫಲಕ ಅಂತಾರೆ, ಒಳಗಿರೋದನ್ನ ಕಾಯುತ್ತಲ್ಲ, ಅದಕ್ಕೇ ಇರಬೇಕು." ಅವನ ನಗು ಹೋಗಿತ್ತು. "ಕಾಯೋದು ಅಂತಲ್ಲವಾ ಅಕ್ಕಾ? ಮತ್ತೆ ಯಾಕೆ ಬಿತ್ತು ನನ್ನ ಮೇಲೆ?"

ಅವಳ ಹಿಂದೆ ಏಣಿಯ ಮೇಲಿದ್ದವನು ಅಲ್ಲೇ ನಿಂತುಬಿಟ್ಟ.

ಉತ್ತರ ಹುಡುಕಲು ಸಮಯವಿರಲಿಲ್ಲ. ಅವಳು ತೆವಳಿಕೊಂಡು ಹೋಗಿ ಅವನ ಕಾಲನ್ನು ತಬ್ಬಿ ಹಿಡಿದು ಎಳೆದಳು. ಅವನು ಕುಸಿದು ಕೂತ. ಬೆಲ್ಟನ್ನು ಅವನ ಸೊಂಟಕ್ಕೆ ಸುತ್ತಿ, ಚೌಕಟ್ಟು ಕೈಗೆಟುಕದೆ, ಕೊಂಡಿ ಹಾಕಲಾಗದೆ, "ಬಾರೋ, ಬೇಗ ಬಾ" ಎಂದು ಯಾರ ಮುಖ ನೋಡುವುದಕ್ಕೂ ಹೇಸುತ್ತಿದ್ದಳೋ ಅವನನ್ನೇ ಕೂಗಿದಳು. ಬೋರ್ಡಿನವನು ಅವಳ ಮೇಲಿನಿಂದ ಕೈಚಾಚಿ ಕೊಂಡಿಯನ್ನು ಚೌಕಟ್ಟಿಗೆ ಸಿಕ್ಕಿಸಿದ. ಅದು ಕಟಕ್ಕೆಂದು ಕೂತ ಕ್ಷಣಕ್ಕೇ ತಮ್ಮನ ಕಣ್ಣು ಮೇಲಾಯಿತು.

ನೆಲದ ಮೇಲೆ ಅವನಿಗೆ ಫಿಟ್ಸು ಬರುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಆಕಾಶದಲ್ಲಿ ಕಂಡಿರಲಿಲ್ಲ. ಇಡೀ ಜಾಲರಿ ಅವನ ಜೊತೆ ಅದುರಿತು. ಅವನ ಹಿಮ್ಮಡಿ ತಗಡಿಗೆ ಬಡಿದು ಬಡಿದು ಸದ್ದು ಹೊಲದಾಚೆಗೂ ಹೋಗುತ್ತಿತ್ತು. ಅವಳು ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ತೋಳಿಟ್ಟಳು. ಆ ಹಣೆ ಅವಳ ಮೊಣಕೈ ಮೂಳೆಯ ಮೇಲೆ ಬಡಿಯಿತು. ಬಡಿಯಲಿ ಎಂದುಕೊಂಡಳು. ಬೋರ್ಡಿನವನು ಅವನ ಎರಡೂ ಕಾಲುಗಳ ಅತ್ತಕಡೆಗೆ, ಜಾಲರಿಯ ಅಂಚಿನಲ್ಲಿ, ಗೋಡೆಯಂತೆ ಮಲಗಿಬಿಟ್ಟ. ಅವನಿಗೆ ಬೆಲ್ಟು ಇರಲಿಲ್ಲ. ಅವನ ಬಳಿ ಇದ್ದ ಎರಡನ್ನೂ ಇವರಿಗೆ ಕೊಟ್ಟಿದ್ದ. ಅದನ್ನು ಅವಳು ಆಗ ಗಮನಿಸಲಿಲ್ಲ.

ಬಹಳ ಹೊತ್ತಾಯಿತೋ ಸ್ವಲ್ಪ ಹೊತ್ತೋ. ನಡುಕ ಇಳಿಯಿತು. ಗೊರಕೆಯಂಥ ಉಸಿರು ಶುರುವಾಯಿತು. ಬೋರ್ಡಿನವನು ಎದ್ದು, ಜಾಹೀರಾತಿನ ಹಾಳೆಗಳನ್ನು ಮೇಲೆಳೆಯಲು ಚೌಕಟ್ಟಿಗೆ ಹಾಕಿದ್ದ ರಾಟೆಗೆ ಹಗ್ಗ ಪೋಣಿಸಿದ. ತೊಡೆ, ಸೊಂಟ, ಕಂಕುಳಿಗೆ ಗಂಟುಹಾಕಿ, ಪ್ರತಿ ಗಂಟನ್ನೂ ಎಳೆದು ನೋಡಿ, ಮತ್ತೆ ಎಳೆದು ನೋಡಿ, ತಮ್ಮನನ್ನು ಮೂಟೆಯಂತೆ ಮೆಲ್ಲಮೆಲ್ಲಗೆ ಇಳಿಬಿಟ್ಟ. ಕೆಳಗೆ ಪಂಕ್ಚರಿನವನೂ ಉಳಿದವರೂ ಕೈಚಾಚಿ ಹಿಡಿದುಕೊಂಡರು. ಅಗ್ನಿಶಾಮಕದ ವಾಹನ ಬಂದಾಗ ಇವರ ವ್ಯಾನು ಆಸ್ಪತ್ರೆಯ ದಾರಿ ಹಿಡಿದಿತ್ತು.

ಆ ದಾರಿಯಲ್ಲೇ ತಮ್ಮನಿಗೆ ಇನ್ನೊಂದು ಸಲ ಬಂತು. ಆಸ್ಪತ್ರೆಯ ಬಾಗಿಲಲ್ಲಿ ಮತ್ತೊಂದು ಸಲ. ಸೂಜಿಮದ್ದು ಕೊಟ್ಟು ಮಲಗಿಸಿದ ಮೇಲೆ ಡಾಕ್ಟರಮ್ಮ ಹೊರಗೆ ಬಂದು ಅಕ್ಕನನ್ನು ತರಾಟೆಗೆ ತೆಗೆದುಕೊಂಡಳು. "ಇಂಥವರನ್ನ ಒಬ್ಬರನ್ನೇ ಬಿಟ್ಟು ಹೋಗ್ತಾರೇನ್ರೀ? ಇನ್ನೊಂದು ಸಲ ಹೀಗಾದ್ರೆ ಉಳಿಸೋಕೆ ನಮ್ಮ ಕೈಲಾಗಲ್ಲ. ಯಾರಾದ್ರೂ ಸದಾ ಜೊತೇಲಿರಬೇಕು." ಅಕ್ಕ ತಲೆಯಾಡಿಸಿದಳು. ಯಾರಾದರೂ ಎಂದರೆ ಯಾರು ಎಂದು ಡಾಕ್ಟರಮ್ಮ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಲಾಂಡ್ರಿಯ ಯಜಮಾನಿ ಫೋನಿನಲ್ಲಿ ಈಗಾಗಲೇ ಹೇಳಿಬಿಟ್ಟಿದ್ದಳು: ಹೀಗೆ ನಡುವೆ ಓಡಿಹೋಗುವುದಾದರೆ ಇನ್ನು ಬರುವುದೇ ಬೇಡ.

ಪಡಸಾಲೆಯ ನೆಲದ ಮೇಲೆ ಅವಳು ಗೋಡೆಗೊರಗಿ ಕೂತಳು. ಸ್ವಲ್ಪ ದೂರದಲ್ಲಿ ಬೋರ್ಡಿನವನು ನಿಂತೇ ಇದ್ದ. ಅಂಗೈಗಳೆರಡೂ ಹಗ್ಗದಿಂದ ಸುಲಿದು ಕೆಂಪಾಗಿದ್ದವು.

"ಇನ್ನೂ ಯಾಕೆ ನಿಂತಿದೀಯ? ಹೋಗು."

"ಗೋಡೆ ಟೊಳ್ಳಾಗಿತ್ತು ಅಕ್ಕ" ಎಂದ ಅವನು, ಅವಳ ಮಾತು ಕೇಳಿಸಲೇ ಇಲ್ಲವೆಂಬಂತೆ. "ಮೊಳೆ ಹೊಡೆಯುವಾಗಲೇ ಕೈಗೆ ಗೊತ್ತಾಗಿತ್ತು. ಹಿಂದಿನಿಂದ ಕಬ್ಬಿಣದ ಪಟ್ಟಿ ಕೊಡಬೇಕಿತ್ತು. ಆಸ್ಪತ್ರೆಯೋರು ಬೇಡ, ಇವತ್ತೇ ಮುಗಿಸು ಅಂದ್ರು. ನಾನೂ ಹೂಂ ಅಂದೆ. ಠಾಣೇಲಿ ಗಾಳಿ ಅಂತ ಹೇಳಿದೆ."

ಅವಳು ಕಣ್ಣುಮುಚ್ಚಿಕೊಂಡಿದ್ದಳು. ಈ ಮಾತನ್ನು ಕೇಳಬೇಕೆಂದು ಒಂದು ಕಾಲಕ್ಕೆ ಅವಳು ಹಲ್ಲುಕಚ್ಚಿ ಕಾದಿದ್ದಳು. ಈಗ ಕೇಳಿದರೆ ಎದೆಯಲ್ಲಿ ಏನೂ ಏಳಲಿಲ್ಲ, ಇಡೀ ಮೈ ಹಿಂಡಿದ ಬಟ್ಟೆಯಾಗಿತ್ತು.

"ನಿನ್ನನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ" ಎಂದಳು ಕೊನೆಗೆ. "ಅದು ಆರೋ ಉರಿ ಅಲ್ಲ. ನೀನೂ ಆರಿಸೋಕೆ ಬರಬೇಡ."

"ಇಲ್ಲ" ಎಂದ ಅವನು. ಹೋಗಲಿಲ್ಲ.

ಎರಡನೆಯ ದಿನ ತಮ್ಮ ಕಣ್ಣುಬಿಟ್ಟ. ಅಕ್ಕ ಎಂದು ಗುರುತು ಹಿಡಿದ. ಗಂಜಿ ಕುಡಿಸಿದರೆ ಕುಡಿದ. ಅವಳು ಅವನ ಬಾಯನ್ನೇ ನೋಡುತ್ತಾ ಕೂತಳು, ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು. ಅವನು ಕೇಳಲಿಲ್ಲ. ಮರುದಿನವೂ ಇಲ್ಲ. ಅವಳೇ ತಾಳಲಾರದೆ, "ಫಲಕದ ಬಗ್ಗೆ ಏನೋ ಹೇಳ್ತಿದ್ಯಲ್ಲೋ ಮೊನ್ನೆ, ಪಲಗೆ, ಹಲಗೆ, ಗುರಾಣಿ..." ಎಂದು ಎತ್ತಿದಳು. ಅವನು ಸಭ್ಯವಾಗಿ, ಪರವೂರಿನ ಮಾತು ಕೇಳುವವನಂತೆ ಕೇಳಿಸಿಕೊಂಡ. ಆಮೇಲೆ ಕಿಟಕಿಯ ಕಡೆ ತಿರುಗಿದ. ಆ ಪ್ರಶ್ನೆಯಿಂದ ತಲೆಕೆಟ್ಟು ಎಷ್ಟೋ ಸಲ ಕಿವಿ ಮುಚ್ಚಿಕೊಂಡಿದ್ದ ಅವಳು, ಆವತ್ತು ಆಸ್ಪತ್ರೆಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಮನೆಗೆ ಬಂದ ಮೇಲೆ ಅವಳು ತಟ್ಟದ ಬಾಗಿಲಿಲ್ಲ. ಇಂಥವರನ್ನು ನೋಡಿಕೊಳ್ಳುವ ಒಂದು ಕಡೆ ಜಾಗವಿಲ್ಲವೆಂದರು, ಇನ್ನೊಂದು ಕಡೆ ಫಿಟ್ಸಿನವರನ್ನು ಸೇರಿಸುವುದಿಲ್ಲವೆಂದರು. ಕೆಳಮನೆಯ ಅಜ್ಜಿ, "ನನ್ನ ಮಂಡಿ ನನ್ನ ಮಾತೇ ಕೇಳಲ್ಲ ಕಣಮ್ಮ, ಅವನನ್ನ ಎಲ್ಲಿ ಹಿಡೀಲಿ" ಎಂದು ಕಣ್ಣೊರೆಸಿಕೊಂಡರು. ಅಕ್ಕ ಯಜಮಾನಿಯ ಕಾಲು ಹಿಡಿಯುವುದೊಂದು ಬಾಕಿಯಿತ್ತು, ಅದನ್ನೂ ಮಾಡಿ ಕೆಲಸ ಉಳಿಸಿಕೊಂಡಳು. ಆದರೆ ಹಗಲು ಅವನ ಜೊತೆ ಯಾರು? ಎಲ್ಲ ದಾರಿಯೂ ಮುಚ್ಚಿದ ಮೇಲೆ, ಆಸ್ಪತ್ರೆಯಲ್ಲಿ ಬೋರ್ಡಿನವನು ಹೋಗುವಾಗ ಮೆಲ್ಲಗೆ ಅಂದಿದ್ದ ಮಾತೊಂದು ಉಳಿಯಿತು: "ಹಗಲು ನಾನು ಅಂಗಡೀಲೇ ಇರ್ತೀನಿ." ಆಗ ಅವಳು ಕೇಳಿಸದವಳಂತೆ ಇದ್ದಳು.

ಸೋಮವಾರ ಬೆಳಿಗ್ಗೆ ಅವಳು ತಮ್ಮನ ಕೈಹಿಡಿದು ಆ ಬೀದಿಯಲ್ಲಿ ನಡೆದಳು. ಜಗತ್ತಿನಲ್ಲಿ ಯಾರ ಕೈಗೆ ಕೊಡಬಾರದೋ ಅವನ ಕೈಗೇ ಕೊಡುತ್ತಿದ್ದೇನೆ ಎಂದು ಪ್ರತಿ ಹೆಜ್ಜೆಗೂ ಅನ್ನಿಸುತ್ತಿತ್ತು. ಅಂಗಡಿಯ ಮೆಟ್ಟಿಲಲ್ಲಿ ನಿಂತು ಒಳಗೆ ಬರದೆ, ಮಾತ್ರೆ, ನೀರಿನ ಬಾಟಲಿ, ಊಟದ ಡಬ್ಬಿ ಇಟ್ಟಳು. "ಹಾಸುಬಟ್ಟೆ ಮುಗಿದ ಕೂಡಲೇ ಬರ್ತೀನಿ. ಎಡಗೈ ಹೆಬ್ಬೆರಳು ನೋಡ್ತಾ ಇರು" ಎಂದಳು. ಅವನು ಹೂಂ ಎಂದ. ಅವಳು ಅವನನ್ನು ಹೆಸರು ಹಿಡಿದು ಕರೆಯಲಿಲ್ಲ, ಥ್ಯಾಂಕ್ಸೂ ಅನ್ನಲಿಲ್ಲ.

ರಸ್ತೆ ದಾಟಿ ಎದುರಿನ ಗೋಡೆಯ ಮರೆಯಲ್ಲಿ ನಿಂತು ನೋಡಿದಳು. ಕೆಲಸಕ್ಕೆ ತಡವಾಗುತ್ತಿತ್ತು. ಬೋರ್ಡಿನವನು ತಮ್ಮನಿಗೆಂದು ಒಂದು ಕುರ್ಚಿ ತಂದ. ಗೋಡೆಗೆ ಒರಗಿಸಿದ್ದ ಬೋರ್ಡುಗಳ ಪಕ್ಕದಲ್ಲಿ ಇಟ್ಟವನು, ಅದನ್ನು ಎತ್ತಿ ಆಚೆ ಇಟ್ಟ. ಕತ್ತೆತ್ತಿ ಮಾಡು ನೋಡಿದ, ಫ್ಯಾನು ನೋಡಿದ, ಕುರ್ಚಿಯನ್ನು ಮತ್ತೆ ಇತ್ತ ಎಳೆದ. ಒಂದೊಂದೇ ಬೋರ್ಡನ್ನು ಅಲುಗಿಸಿ ನೋಡಿ, ದೊಡ್ಡವನ್ನೆಲ್ಲ ನೆಲಕ್ಕೆ ಮಲಗಿಸಿದ. ಆಮೇಲೆ ತಾನೇ ಆ ಕುರ್ಚಿಯಲ್ಲಿ ಕೂತು, ತಲೆಯ ಮೇಲೆ ಏನಿದೆ ಎಂದು ಇನ್ನೊಮ್ಮೆ ನೋಡಿ ಎದ್ದ. ತಮ್ಮ ಅಷ್ಟು ಹೊತ್ತೂ ನಡುಅಂಗಡಿಯಲ್ಲಿ ನಿಂತು ಕಾದಿದ್ದು, ಹೇಳಿದ ಮೇಲೆ ಕೂತ.

ಅಕ್ಕ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಲಾಂಡ್ರಿಯ ಕಡೆ ಓಡಿದಳು.